ಎಡಮನೆಯ ಏಳು

11 ಜೂನ್ 1979, ಸೋಮವಾರ

ಈ ನೋಟ್‌ಬುಕ್ಕಿನಲ್ಲಿ ಕನ್ನಡವನ್ನೇ ಬರೆಯುತ್ತೇನೆ. ಮನೆಯಲ್ಲಿ ಉರ್ದು ಓದುವವರಿದ್ದಾರೆ, ಕನ್ನಡ ಓದುವವಳು ನಾನೊಬ್ಬಳೇ. ಬೀಗ ಹಾಕುವ ಖರ್ಚಿಲ್ಲ.

ಕೆಲಸಕ್ಕೆ ಸೇರಿ ಒಂದು ವಾರವಾಯಿತು. ತುಮಕೂರಿನಂಚಿನ ಮರಳೂರಿನ ಬಾಡಿಗೆ ಮನೆಯೊಂದರ ಮುಂದಿನ ಎರಡು ಕೋಣೆಗಳೇ ನಮ್ಮ ಆಫೀಸು. ಬೆಂಗಳೂರಿನ ಒಂದು ಸಂಸ್ಥೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಮನೆಮನೆಗೆ ಜನ ಕಳಿಸಿ, ಯಾರು ಏನು ಕೆಲಸ ಮಾಡುತ್ತಾರೆಂದು ಫಾರಂಗಳಲ್ಲಿ ಬರೆಸಿಕೊಂಡಿದೆ. ಆ ಬರಹವನ್ನು ಅಂಕಿಗೆ ಇಳಿಸುವುದು ನಮ್ಮ ಕೆಲಸ. ಉದ್ಯೋಗಕ್ಕೆ ಶೀಟಿನಲ್ಲಿ ಅಕ್ಕಪಕ್ಕ ಎರಡು ಚೌಕದ ಮನೆ, ಒಂದೊಂದರಲ್ಲಿ ಒಂದೊಂದು ಅಂಕಿ. ಸ್ವಂತ ಬೇಸಾಯಕ್ಕೆ 01, ಹೊಲದ ಕೂಲಿಗೆ 02, ಹೀಗೆ 07ರವರೆಗೆ. ಮನೆಯಲ್ಲೇ ಕೂತು ಕೂಲಿಗೆ ಮಾಡುವ ಕೆಲಸ 07. ದುಡಿಯದವರೆಲ್ಲ ಎಪ್ಪತ್ತರಿಂದ ಮೇಲೆ: ಬರೀ ಮನೆವಾರ್ತೆ 70, ಓದುವವರು 71, ಕೈಲಾಗದ ಮುದುಕರು 72. ನಾವು ತುಂಬಿದ ಶೀಟು ಬೆಂಗಳೂರಿಗೆ ಹೋಗಿ, ಅಲ್ಲಿ ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗುತ್ತದೆ. ಆ ತೂತುಗಳನ್ನು ಕಂಪ್ಯೂಟರ್ ಓದುತ್ತದಂತೆ.

ಮೊದಲ ದಿನ ಸೂಪರ್‌ವೈಸರ್ ಚನ್ನವೀರಯ್ಯನವರು ಫಾರಂ ಎಣಿಸಿ ಕಟ್ಟು ಕಟ್ಟುವ ಗಂಡಸರಿಬ್ಬರಿಗೆ ಕುರ್ಚಿ ಕೊಟ್ಟು, ಅಂಕಿ ಬರೆಯುವ ನಾವಿಬ್ಬರು ಹೆಂಗಸರಿಗೆ ಸ್ಟೂಲು ತೋರಿಸಿದ್ದರು. ಮರುದಿನ ಅರ್ಧ ಗಂಟೆ ಮುಂಚೆ ಬಂದು ಕುರ್ಚಿಯಲ್ಲಿ ಕೂತೆ. ಇವತ್ತಿಗೂ ಅದು ನನ್ನದೇ.

ಇವತ್ತು 122 ಫಾರಂ. ಎದುರಿನ ಮಂಜುಳಮ್ಮ 80. ಗುಬ್ಬಿಯಿಂದ ರೈಲಿನಲ್ಲಿ ಬರುವ ಹೆಂಗಸು, ಬಂದವಳೇ ಪೆನ್ಸಿಲ್ ಚೂಪು ಮಾಡುತ್ತಾ ಕೂರುತ್ತಾಳೆ. ಚೆನ್ನಾಗಿ ಮಾಡಿದವರನ್ನು ಮುಂದಿನ ಸಮೀಕ್ಷೆಗೆ ಕಾಯಂ ಮಾಡುತ್ತಾರಂತೆ. ಒಂದೇ ಜಾಗ ಇದ್ದರೆ ಅದು ನನಗೆ.

14 ಜೂನ್, ಗುರುವಾರ

ಸೂಪರ್‌ವೈಸರ್ ಮೇಜುಗಳ ಮಧ್ಯೆ ನಿಂತು ಹೇಳಿದರು: “ಏಳರ ಮುಂಚೆ ಆ ಸೊನ್ನೆ ಬರ್ಕೊಂಡು ಯಾಕ್ರೀ ಟೈಮ್ ವೇಸ್ಟ್ ಮಾಡ್ತೀರಾ? ಏಳು ಅಂದ್ರೆ ಏಳು. ಬರೀರಿ, ಮುಂದಕ್ ಹೋಗಿ.”

ನನಗೂ ಬೇಕಾಗಿದ್ದು ಅದೇ. ಮೊದಲ ಮನೆಯಲ್ಲಿ 7, ಎರಡನೆಯದು ಖಾಲಿ. 158 ಆಯಿತು! ಮಂಜುಳಮ್ಮ ಮಾತ್ರ, “ಎರಡೂ ಮನೆ ತುಂಬ್ಬೇಕು ಅಂತ ಹೇಳ್ಕೊಟ್ಟಿದ್ರಲ್ಲ ಸಾರ್” ಎಂದು ಸೊನ್ನೆ ಬರೆಯುತ್ತಲೇ ಇದ್ದಳು. ಬೈಸಿಕೊಂಡಳು. ಹಾಗೇ ಆಗಬೇಕು.

30 ಜೂನ್, ಶನಿವಾರ

174. ತುಮಕೂರು ಪಟ್ಟಣ ಪೂರ್ತಿ ನನ್ನ ಕೈಯಲ್ಲೇ ಮುಗಿಯಿತು. ಈಗ ಗುಬ್ಬಿ. ಮಂಜುಳಮ್ಮ ಇನ್ನೂ ಕುಣಿಗಲ್ ಕಟ್ಟುಗಳಲ್ಲೇ ಇದ್ದಾಳೆ.

23 ಜುಲೈ, ಸೋಮವಾರ

ಕಂಪ್ಯೂಟರ್ ಒಪ್ಪದ ಸಾಲುಗಳು ವಾಪಸು ಬಂದಿವೆ. ‘ಉದ್ಯೋಗ 20’ ಅಂತೆ, ‘ಉದ್ಯೋಗ 40’ ಅಂತೆ. ಅಂಥ ನಂಬರೇ ನಮ್ಮ ಪಟ್ಟಿಯಲ್ಲಿ ಇಲ್ಲ. ತೂತು ಮಾಡಿದವರ ತಪ್ಪು ಎಂದರು ಸೂಪರ್‌ವೈಸರ್. ಫಾರಂ ನೋಡಿ ನೋಡಿ 02, 04 ಎಂದು ತಿದ್ದಿ ಕಳಿಸಿದೆ. ಎಲ್ಲ ನನ್ನ ಕಟ್ಟುಗಳೇ. ಮಂಜುಳಮ್ಮನದು ಒಂದೂ ಇಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನೆ ಪೆನ್ಸಿಲ್ ಚೂಪು ಮಾಡಿದಳು. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

6 ಆಗಸ್ಟ್, ಸೋಮವಾರ

ರಂಜಾನ್ ನಡೆಯುತ್ತಿದೆ. ಬಾಯಿ ಒಣಗಿತ್ತು, ಆಮೇಲೆ ಕೋಪಕ್ಕೆ ಇನ್ನೂ ಒಣಗಿತು.

ಕೋಷ್ಟಕಗಳು ಬಂದವು. ಮನೆಯಲ್ಲಿ ಕೂತು ಕೂಲಿಗೆ ದುಡಿಯುವ ಹೆಂಗಸರು, ನೂರಕ್ಕೆ: ಕುಣಿಗಲ್ 34. ಗುಬ್ಬಿ 3. ತುಮಕೂರು ಪಟ್ಟಣ 2.

ಎರಡು! ನಮ್ಮ ಒಂದು ಗಲ್ಲಿಯಲ್ಲೇ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟದ ಹೆಂಗಸನ್ನು ಹುಡುಕಬೇಕು. ಹಾಗೆಂದು ಹೇಳಿದೆ. ಚನ್ನವೀರಯ್ಯನವರು ನಕ್ಕರು.

“ಅಲ್ಲಮ್ಮಾ, ತುಮಕೂರ್ ಟೌನಲ್ಲಿ ನಿಮ್ಮೋರೇ ಜಾಸ್ತಿ. ಪರದೆ ಒಳಗಿನ ಹೆಂಗಸ್ರು. ದುಡಿಯಕ್ಕೆ ಎಲ್ ಬರ್ತಾರೆ? ಸರಿಯಾಗೇ ಇದೆ.”

“ಗುಬ್ಬಿಯೋರೂ ಪರದೆ ಹಾಕ್ತಾರಾ ಸಾರ್?”

“ಅವ್ರು ತೆಂಗಿನ ತೋಟದೋರು. ಅವರ ಹೆಂಗಸ್ರಿಗೆ ಕೂಲಿ ಕೆಲ್ಸ ಯಾಕೆ?”

ಎರಡೂ ಕಾರಣವನ್ನು ವರದಿಯ ಕರಡಿನಲ್ಲಿ ಆಗಲೇ ಬರೆದಿದ್ದಾರೆ. ಓದಿ ತೋರಿಸಿದರು, ಎಷ್ಟು ನುಣುಪಾಗಿ ಕೂತಿದೆ! ಈ ವರದಿ ಹೋಗುವುದು ಒಂದು ಕಮಿಟಿಗೆ. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಹೆಂಗಸರು ಮನೆಯಲ್ಲಿ ಕೂತು ದುಡಿಯುವ ಊರಿಗೆ ಅವರಿಗೆಂದೇ ಒಂದು ಆಸ್ಪತ್ರೆ ಕೊಡುತ್ತಾರೆ. ಕುಣಿಗಲ್‌ಗೆ ಸಿಗುತ್ತದೆ. ಹೊಗೆಸೊಪ್ಪಿನ ಧೂಳು ಕುಡಿದು ಕೆಮ್ಮುವ ನಮ್ಮ ಗಲ್ಲಿ ಪರದೆಯೊಳಗೆ ಆರಾಮಾಗಿದೆ.

“ಕೋಷ್ಟಕ ನೋಡಿದೀವಿ, ಸರಿಯಿದೆ” ಅಂತ ನಾಲ್ಕೂ ಜನ ಸಹಿ ಹಾಕಬೇಕಂತೆ. ನಾನು ಪೆನ್ನು ಮುಚ್ಚಿಟ್ಟು, ನಾಳೆ ನೋಡ್ತೀನಿ ಸಾರ್ ಎಂದೆ.

7 ಆಗಸ್ಟ್, ಮಂಗಳವಾರ

ಸಹಿ ಹಾಕಲಿಲ್ಲ.

ಮನೆಯ ಮಾತು ಉರ್ದು, ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ. ಅಮ್ಮಿಯನ್ನು ಕೇಳಿದೆ: “ಸರ್ವೆಯವರು ಬಂದಾಗ ನೀನು ಏನಂತ ಹೇಳಿದ್ದೆ?”

“ಕೇಳಿದ್ದಕ್ಕೆ ಹೇಳಿದೆ. ಬೀಡಿ ಕಟ್ಟುತ್ತೀನಿ ಅಂದೆ. ಅವನ ಮುಂದೆಯೇ ಕಟ್ಟುತ್ತಿದ್ದೆ. ಅವನು ಮೂರು ಪುಟ ತುಂಬುವಷ್ಟರಲ್ಲಿ ನಾನು ಎರಡು ಕಟ್ಟು ಮುಗಿಸಿದ್ದೆ.” ಆಮೇಲೆ ತಲೆಯೆತ್ತಿ, “ಯಾಕೆ, ಬರೆದುಕೊಂಡಿಲ್ಲವಾ?” ಎಂದಳು.

ಬರೆದುಕೊಂಡಿದ್ದಾನೆ. ನಮ್ಮ ಮನೆಯ ಫಾರಂ ನನ್ನ ಕಟ್ಟಿನಲ್ಲೇ ಬಂದಿತ್ತಲ್ಲ. ರಹಿಮಾ ಬೀ, ವಯಸ್ಸು 48, ಬೀಡಿ. ಏಳು ಹಾಕಿದ್ದು ನಾನೇ. ಆ ಹೊತ್ತಿಗೆ ಅದು ದಿನದ ಎಷ್ಟನೆಯ ಫಾರಂ ಎಂಬುದಷ್ಟೇ ತಲೆಯಲ್ಲಿತ್ತು.

9 ಆಗಸ್ಟ್, ಗುರುವಾರ

ಸಿಕ್ಕಿತು.

ಕೋಷ್ಟಕದ ಜೊತೆ, ಓದಿ ಮುಗಿದ ಕಾರ್ಡುಗಳ ಡಬ್ಬಗಳಲ್ಲದೆ, ಕಂಪ್ಯೂಟರ್ ತಾನು ಓದಿಕೊಂಡ ಅಂಕಿಗಳ ಉದ್ದನೆಯ ಪಟ್ಟಿಯೂ ಬಂದಿದೆ, ಯಾರೂ ಬಿಚ್ಚಿರಲಿಲ್ಲ. ಅದನ್ನು ನೆಲದ ಮೇಲೆ ಹಾಸಿದೆ. ಇಷ್ಟು ದಿನ ಮಾತನ್ನು ಅಂಕಿ ಮಾಡಿದೆವು, ಈಗ ಅಂಕಿಯನ್ನು ಮತ್ತೆ ಮಾತು ಮಾಡಿದರೆ ಅದೇ ಮನೆ, ಅದೇ ಮನುಷ್ಯರು ಬರಬೇಕಲ್ಲ? ಸಂಕೇತದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲನ್ನು ಕನ್ನಡದಲ್ಲಿ ಬರೆಯುತ್ತಾ ಹೋದೆ. ಗಂಡ, 39, ಅಂಗಡಿ. ಹೆಂಡತಿ, 33, ಮನೆವಾರ್ತೆ ಮಾತ್ರ. ಅತ್ತೆ, 60, ಮನೆವಾರ್ತೆ ಮಾತ್ರ. ಫಾರಂ ತೆಗೆದರೆ ಹೆಂಡತಿಯೂ ಬೀಡಿ, ಅತ್ತೆಯೂ ಬೀಡಿ.

ಹತ್ತು ಮನೆ ಬರೆಯುವಷ್ಟರಲ್ಲಿ ಮಂಜುಳಮ್ಮ ಕೇಳದೆಯೇ ಬಂದು ನೆಲದ ಮೇಲೆ ಕೂತು ಫಾರಂ ಓದತೊಡಗಿದಳು. ಅವಳು ಓದುವುದು, ನಾನು ತಾಳೆ ನೋಡುವುದು. ಅವಳ ಕುಣಿಗಲ್ ಕಟ್ಟುಗಳು ಹೇಗೆ ಹೋಗಿದ್ದವೋ ಹಾಗೇ ವಾಪಸು ಬಂದವು, ಒಂದು ಅಕ್ಷರ ತಪ್ಪಿಲ್ಲ. ನನ್ನವು ಜೂನ್ 13ರವರೆಗೆ ಸರಿ, ಆದರೆ ಅಂಗಡಿಬೀದಿಯ ಆ ಕೆಲವೇ ಕಟ್ಟುಗಳಲ್ಲಿ ಬೀಡಿಯವರು ಕಡಿಮೆ, ಪಟ್ಟಣದ ಎರಡು ಅಲ್ಲಿಂದ ಬಂದದ್ದು, ಗುಬ್ಬಿಯ ಮೂರು ಕೊನೆಗೆ ಮಂಜುಳಮ್ಮ ಮಾಡಿಕೊಟ್ಟ ಕಟ್ಟುಗಳದು. 14ರಿಂದ ಒಂದು ಏಳೂ ಇಲ್ಲ. ಎಲ್ಲ ಎಪ್ಪತ್ತು.

“ಶರೀಫಾ, ಖಾಲಿ ಬಿಟ್ಟ ಮನೇನ ಆ ಮಿಷನ್ನು ಸೊನ್ನೆ ಅಂದ್ಕೊಂಡಿದೆ ಕಣೇ” ಎಂದಳು.

ಎಡಮನೆಯಲ್ಲಿ ಏಳು, ಬಲಮನೆ ಖಾಲಿ. ಎಪ್ಪತ್ತು. ಎರಡು ಇಪ್ಪತ್ತಾಗಿತ್ತು, ನಾಲ್ಕು ನಲವತ್ತಾಗಿತ್ತು. ಆ ನಂಬರು ಪಟ್ಟಿಯಲ್ಲಿ ಇಲ್ಲದ್ದರಿಂದ ಮಿಷನ್ನು ಉಗುಳಿತು, ನಾನು ತಿದ್ದಿದೆ. ಎಪ್ಪತ್ತು ಮಾತ್ರ ಪಟ್ಟಿಯಲ್ಲಿತ್ತು. ಅದನ್ನು ನುಂಗಿಕೊಂಡಿತು.

ಇಷ್ಟು ಹೆಂಗಸರ ದುಡಿಮೆ ಅಳಿಸಿಹಾಕಿದ್ದು ನನ್ನ ವೇಗ. ಇದನ್ನು ಬರೆಯಲು ಕೈ ಬರುತ್ತಿಲ್ಲ. ಬರೆದೆ.

12 ಆಗಸ್ಟ್, ಭಾನುವಾರ

ಗುಬ್ಬಿ ಕಡೆಯ ಹಾಗಲವಾಡಿಗೆ ಹೋಗಿ ಬಂದೆವು, ನಾನು ಮತ್ತು ಮಂಜುಳಕ್ಕ. ಫಾರಂ ಬರೆದವರೇ ಸುಳ್ಳು ಬರೆದಿದ್ದರೆ ಎಂದು ಸೂಪರ್‌ವೈಸರ್ ಕೇಳಿಯೇ ಕೇಳುತ್ತಾರೆ, ಕಣ್ಣಾರೆ ನೋಡಿ ಬರೋಣ ಎಂದದ್ದು ಅವಳೇ. ಗುಬ್ಬಿಯಲ್ಲಿ ನನ್ನನ್ನು ಬಸ್ಸು ಹತ್ತಿಸುವಾಗ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಉಪವಾಸ, ತಲೆ ಸುತ್ತೀತು, ಗಾಳಿಗೆ ಕೂತ್ಕೋ ಎಂದಳು.

ಮೊದಲ ಮನೆ ದೊಡ್ಡಗಂಗಮ್ಮನದು. ಜಗಲಿಯ ತುಂಬ ತೆಂಗಿನ ಗರಿ. ವ್ಯಾಪಾರಿಯೊಬ್ಬ ಗರಿ ತಂದು ಹಾಕಿ ಹೋಗುತ್ತಾನೆ, ಆಕೆ ಕಡ್ಡಿ ಸೀಳಿ ಪೊರಕೆ ಕಟ್ಟಿ ಕೊಡುತ್ತಾಳೆ, ಕಟ್ಟಿಗಿಷ್ಟೆಂದು ಕೂಲಿ. ನಾನು ಪಟ್ಟಿ ನೋಡಿ ಓದಿದೆ: “ದೊಡ್ಡಗಂಗಮ್ಮ, ವಯಸ್ಸು ನಲವತ್ತೈದು. ಮನೆವಾರ್ತೆ ಮಾತ್ರ. ದುಡಿಮೆ ಇಲ್ಲ.”

ಕೈಯಲ್ಲಿದ್ದ ಕುಡುಗೋಲು ನಿಂತಿತು.

“ಯಾವೋನವ್ವ ಅದ್ನ ಬರ್ದೋನು?”

ಮಂಜುಳಕ್ಕ ನನ್ನ ಮುಖ ನೋಡಲಿಲ್ಲ. ನಾನೇ ಹೇಳಿದೆ: “ನಾನೇ ಅಮ್ಮ. ಗೊತ್ತಿಲ್ದೆ ಹಂಗಾಯ್ತು.”

ಆಕೆ ಎರಡೂ ಅಂಗೈ ನನ್ನ ಮುಂದೆ ಬಿಚ್ಚಿದಳು. ಗೆರೆ ಯಾವುದು, ಗಾಯ ಯಾವುದು ಗೊತ್ತಾಗುವಂತಿರಲಿಲ್ಲ. “ಗೊತ್ತಿಲ್ದೆ ಆಯ್ತಾ? ಸರಿ ಬುಡು. ಈಗ ಗೊತ್ತಾಯ್ತಲ್ಲ, ಹೊಡ್ದಾಕ್ಬುಟ್ಟು ಮತ್ತೆ ಬರಿ. ನಿಮ್ಮ ಸಾಹೇಬ ಬ್ಯಾಡ ಅಂದ್ರೆ ಇಲ್ಲಿಗೆ ಕಳ್ಸು. ಒಂದೊತ್ತು ಕಡ್ಡಿ ಸೀಳ್ಲಿ. ಅವನ ಕೈ ತೋರ್ಸ್ಲಿ ಆಮ್ಯಾಕೆ.”

ಆ ಬೀದಿಯಲ್ಲಿ ಹದಿನೇಳು ಮನೆ ಕೇಳಿದೆವು. ಹನ್ನೊಂದರಲ್ಲಿ ಪೊರಕೆ. ಪ್ರತಿ ಮನೆಯಲ್ಲೂ ಮಜ್ಜಿಗೆ ಕೊಡಲು ಬಂದರು, ಪ್ರತಿ ಮನೆಯಲ್ಲೂ ಮಂಜುಳಕ್ಕನೇ ಮುಂದೆ ಹೋಗಿ “ಅವಳಿಗೆ ಉಪಾಸ, ನಂಗೆ ಕೊಡಿ” ಎಂದು ನನ್ನ ಪಾಲಿನದನ್ನೂ ಕುಡಿದಳು.

14 ಆಗಸ್ಟ್, ಮಂಗಳವಾರ

ಎಲ್ಲವನ್ನೂ ಚನ್ನವೀರಯ್ಯನವರ ಮೇಜಿನ ಮೇಲಿಟ್ಟೆವು. ಓದಿದರು. ಎರಡು ಸಲ ಓದಿದರು. ಅರ್ಥವಾಯಿತು ಎಂಬುದು ಅವರ ಕಿವಿ ಕೆಂಪಾದದ್ದರಲ್ಲಿ ತಿಳಿಯಿತು.

“ವರದಿ ಅಚ್ಚಿಗೆ ಹೋಗೋ ಹೊತ್ತಿಗೆ ಏನ್ರಮ್ಮಾ ಇದು? ಕಂಪ್ಯೂಟರ್ ತಪ್ಪು ಮಾಡುತ್ತಾ?”

“ಕಂಪ್ಯೂಟರ್ ಮಾಡಿಲ್ಲ ಸಾರ್. ನೀವು ಹೇಳಿದ್ರಿ, ನಾನು ಬರ್ದೆ.”

“ನಾನೇನ್ ಹೇಳ್ದೆ?”

“ಸೊನ್ನೆ ಬೇಡ ಅಂತ. ಜೂನ್ ಹದಿನಾಲ್ಕು, ಗುರುವಾರ.”

ದನಿ ಇಳಿಸಿ ಹೇಳಿದರು: “ನೋಡಮ್ಮ, ನನ್ ಮೇಲೂ ಜನ ಇದಾರೆ. ತಿಂಗಳ ಕೊನೆಗೆ ಈ ಮನೆ ಖಾಲಿ ಮಾಡ್ಬೇಕು. ಗುರುವಾರ ಹಳೇ ಪೇಪರ್‌ನೋನು ಬರ್ತಾನೆ. ಫಾರಂ, ಕಾರ್ಡು ಎಲ್ಲ ಹೋಗುತ್ತೆ. ಆಮೇಲೆ ನೀನೂ ಮರ್ತುಬಿಡ್ತೀಯ.”

ಫಾರಂ ಹೋದರೆ ಮಾತು ಹೋಯಿತು, ಕಾರ್ಡು ಹೋದರೆ ಖಾಲಿ ಮನೆಯ ಗುರುತೂ ಹೋಯಿತು. ಉಳಿಯುವುದು ಕಂಪ್ಯೂಟರ್ ಓದಿದ್ದನ್ನು ತುಂಬಿಟ್ಟ ಬೆಂಗಳೂರಿನ ಟೇಪು. ಅದರಲ್ಲಿ ಎಲ್ಲವೂ ಎಪ್ಪತ್ತೇ, ನಿಜವಾದದ್ದು ಯಾವುದು, ನಾನು ಮಾಡಿದ್ದು ಯಾವುದು, ದೇವರಿಗೇ ಗೊತ್ತು.

ಮಧ್ಯಾಹ್ನ ಪೋಸ್ಟಾಫೀಸಿನಿಂದ ಟ್ರಂಕ್ ಕಾಲ್ ಹಾಕಿದೆ. ಪಟ್ಟಿಯ ತಲೆಯ ಮೇಲೆ ಪ್ರೋಗ್ರಾಂ ಬರೆದವರ ಹೆಸರಿತ್ತು, ರಾಮಾಂಜಿನಯ್ಯ. ಲೈನು ಸಿಗಲು ಒಂದೂವರೆ ಗಂಟೆ.

“ನೀವು ಏನ್ ಕೊಟ್ರೋ ಅದನ್ನೇ ಓದುತ್ತೆ ಮೇಡಂ” ಎಂದು ಶುರುಮಾಡಿದರು.

“ಏಳು ಬರೆದು ಪಕ್ಕದ ಮನೆ ಖಾಲಿ ಬಿಟ್ರೆ ನಿಮ್ಮ ಪ್ರೋಗ್ರಾಂ ಏನಂತ ಓದುತ್ತೆ?”

ಅತ್ತ ಕಾಗದ ಮಗುಚುವ ಸದ್ದು ಕೇಳಿಸಿತು. ಆಮೇಲೆ, “ಖಾಲಿ ಬಿಟ್ಟಿದೀರಾ? ಸೊನ್ನೆ ಹಾಕಿ ಅಂತ ಬರೆದು ಕಳಿಸಿದ್ದೆನಲ್ಲ...” ಎಂಬ ದನಿ. “ಮೇಡಂ, ಕಾರ್ಡು ಎಲ್ಲಿವೆ?”

“ಇಲ್ಲೇ. ಗುರುವಾರ ರದ್ದಿಗೆ ಹೋಗ್ತವೆ.”

“ಬಿಡ್ಬೇಡಿ. ಹೇಗಾದ್ರೂ ಮಾಡಿ ಬಿಡ್ಬೇಡಿ. ಶುಕ್ರವಾರ ಬರ್ತೀನಿ.”

16 ಆಗಸ್ಟ್, ಗುರುವಾರ

ಬಿಡಲಿಲ್ಲ.

ಹನ್ನೊಂದಕ್ಕೆ ಗಾಡಿ ಬಂತು, ತಕ್ಕಡಿ ಬಂತು. ಕಾರ್ಡಿನ ಡಬ್ಬಗಳು ಹಿಂದಿನ ಕೋಣೆಯಲ್ಲಿ ಗೋಡೆಗೆ ಒತ್ತಿ ಇದ್ದವು. ನಾನು ಹೋಗಿ ಅವುಗಳ ಮೇಲೆ ಕೂತೆ. ಮಂಜುಳಕ್ಕ ಫಾರಂಗಳ ರಾಶಿಯ ಮೇಲೆ ಕೂತು, ಸಂಕೇತದ ಪುಸ್ತಕ ತೆಗೆದು ಓದಲು ಶುರುಮಾಡಿದಳು.

“ಏಳ್ರಮ್ಮ ಮೇಲೆ!”

“ಏಳಲ್ಲ ಸಾರ್” ಎಂದೆ.

“ಪೊಲೀಸ್ ಕರೀತೀನಿ.”

“ಕರೀರಿ. ಯಾಕೆ ಕೂತಿದೀವಿ ಅಂತ ಅವರೂ ಬರ್ಕೊಳ್ಳಲಿ. ಎರಡೂ ಮನೆ ತುಂಬಿ ಬರೀರಿ ಅಂತ ನಾನೇ ಹೇಳ್ತೀನಿ.”

ಗಂಡಸರಿಬ್ಬರೂ ಬಾಗಿಲಲ್ಲಿ ನಿಂತು ನೋಡಿದರು, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಮೂರು ಗಂಟೆಗೆ ಗಾಡಿಯವನು ಬೇಸತ್ತು ಹೋದ. ನಾವು ಏಳಲಿಲ್ಲ, ನಾವು ಎದ್ದರೆ ಅವನು ವಾಪಸು ಬರಬಹುದಲ್ಲ.

ಇಫ್ತಾರಿನ ಹೊತ್ತಾದರೂ ಮನೆಗೆ ಬಾರದ್ದರಿಂದ ಅಬ್ಬಾ ಹುಡುಕಿಕೊಂಡು ಬಂದರು. ತಗಡಿನ ಟ್ರಂಕು ಮಾಡುವ ಮನುಷ್ಯ, ಜೋರಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಬೈಯುತ್ತಾರೆ ಎಂದುಕೊಂಡೆ. ನನ್ನನ್ನು, ಡಬ್ಬಗಳನ್ನು, ಚನ್ನವೀರಯ್ಯನವರನ್ನು ಒಂದೊಂದಾಗಿ ನೋಡಿದರು. ಜೇಬಿನಿಂದ ಖರ್ಜೂರ ತೆಗೆದು ನನಗೆ ಎರಡು, ಮಂಜುಳಕ್ಕನಿಗೆ ಎರಡು ಕೊಟ್ಟರು. ಸೂಪರ್‌ವೈಸರ್ ಮುಂದೆ ಕೈ ಚಾಚಿ, “ತಗೊಳ್ಳಿ ಸಾಬ್, ನೀವೂ ಬೆಳಗ್ಗಿಂದ ಏನೂ ತಿಂದಂಗಿಲ್ಲ” ಎಂದರು. ಅವರು ತೆಗೆದುಕೊಂಡರು. ತಿನ್ನದೆ ಹಿಡಿದುಕೊಂಡೇ ನಿಂತಿದ್ದರು. ಕೊನೆಗೆ ಅವರೇ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಮಂಜುಳಕ್ಕನ ಅಂಗೈಯಲ್ಲಿಟ್ಟು, “ನಾಳೆವರೆಗೂ ನಿಮ್ಮತ್ರಾನೇ ಇರ್ಲಿ” ಎಂದು ಹೊರಟುಹೋದರು.

17 ಆಗಸ್ಟ್, ಶುಕ್ರವಾರ

ರಾಮಾಂಜಿನಯ್ಯ ಬಂದರು. ಮೂವತ್ತರ ವಯಸ್ಸಿನ ಸಣಕಲು ಮನುಷ್ಯ. ಬಂದವರೇ ಒಂದು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಏಳರ ಜಾಗದಲ್ಲಿ ತೂತು, ಪಕ್ಕದಲ್ಲಿ ಏನೂ ಇಲ್ಲ. ನಿಜವಾದ ಎಪ್ಪತ್ತಿನ ಕಾರ್ಡಿನಲ್ಲಿ ಎರಡು ತೂತು. ಬೆಳಕಿಗೆ ಹಿಡಿದರೆ ಮಗುವಿಗೂ ಗೊತ್ತಾಗುವ ವ್ಯತ್ಯಾಸ.

“ನಾನು ನೇರವಾಗಿ ಸಂಖ್ಯೆ ಅಂತ ಓದಿಸ್ಬಿಟ್ಟೆ. ಮೊದಲು ಬರೀ ಅಕ್ಷರ ಅಂತ ಓದಿಸ್ಬೇಕಿತ್ತು. ಖಾಲಿ ಇದ್ರೆ ಖಾಲಿ ಅಂತಾನೇ ಇಟ್ಕೊಂಡು, ಆಮೇಲೆ ಸಂಖ್ಯೆ ಮಾಡ್ಬೇಕಿತ್ತು” ಎಂದರು. “ನಂದೂ ತಪ್ಪಿದೆ.”

ಎರಡೂವರೆ ತಿಂಗಳಲ್ಲಿ ಈ ಆಫೀಸಿನಲ್ಲಿ ಯಾರೋ ಒಬ್ಬರು ಹಾಗೆ ಹೇಳಿದ್ದು ಇದೇ ಮೊದಲು. ಡಬ್ಬಗಳನ್ನೆಲ್ಲ ಜೀಪಿನಲ್ಲಿ ಹೇರಿಕೊಂಡು ಹೋದರು. ಪ್ರತಿ ಡಬ್ಬದ ಮೇಲೂ ಮಂಜುಳಕ್ಕ ಪೆನ್ಸಿಲಿನಿಂದ ನಂಬರು ಬರೆದಳು, ಎರಡೆರಡು ಅಂಕಿಯಲ್ಲಿ.

20 ಆಗಸ್ಟ್, ಸೋಮವಾರ

ಟೈಪು ಮಾಡಿದ ಕಾಗದ ಬೆಂಗಳೂರಿನಿಂದ ಬಂದಿದೆ. ‘ಸಂಕೇತ ಹಾಕಿದ ತಾತ್ಕಾಲಿಕ ಸಿಬ್ಬಂದಿಯ ಅಜಾಗರೂಕತೆಯಿಂದ ಆದ ತಪ್ಪಿಗೆ ವಿಷಾದಿಸುತ್ತೇನೆ.’ ಕೆಳಗೆ ನನ್ನ ಹೆಸರು. ಸಹಿ ಹಾಕಿದರೆ ಮುಂದಿನ ಸಮೀಕ್ಷೆಯಲ್ಲಿ ಜಾಗ. ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ.

ಅದರ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ: ‘ಜೂನ್ 14ರಿಂದ ಎಡಮನೆಯಲ್ಲಿ ಏಳು ಬರೆದು ಬಲಮನೆ ಖಾಲಿ ಬಿಟ್ಟ ಕೈ ನನ್ನದು. ಬಿಡಲು ಹೇಳಿದ ಬಾಯಿ ನನ್ನದಲ್ಲ. ಸೊನ್ನೆ ಬಿಡದೆ ಬರೆದದ್ದಕ್ಕೆ ಬೈಸಿಕೊಂಡವರು ಶ್ರೀಮತಿ ಮಂಜುಳಮ್ಮ. ಮುಂದಿನ ಸಮೀಕ್ಷೆಗೆ ಒಂದೇ ಜಾಗವಿದ್ದರೆ ಅದು ಅವರಿಗೆ ಸೇರಬೇಕು.’

ಚನ್ನವೀರಯ್ಯನವರು ಓದಿ, “ಇಷ್ಟು ಹಟ ಯಾಕಮ್ಮಾ ನಿಂಗೆ?” ಎಂದರು. ಬೈಗುಳದಂತೆ ಕೇಳಿಸಲಿಲ್ಲ. ಕಾಗದವನ್ನು ಹರಿಯದೆ ಫೈಲಿಗೆ ಹಾಕಿದರು.

31 ಆಗಸ್ಟ್, ಶುಕ್ರವಾರ

ಕೆಲಸ ಮುಗಿಯಿತು. ಮಂಜುಳಕ್ಕನಿಗೆ ಆರು ತಿಂಗಳ ಆರ್ಡರ್ ಬಂದಿದೆ. ನನಗಿಲ್ಲ. ಅವಳು ಅತ್ತಳು, ನಾನು ಅಳಬೇಡ ಎಂದು ಬೈದೆ.

3 ಸೆಪ್ಟೆಂಬರ್, ಸೋಮವಾರ

ರಾಮಾಂಜಿನಯ್ಯ ಹೊಸ ಕೋಷ್ಟಕದ ಒಂದು ಪ್ರತಿಯನ್ನು ನಮ್ಮ ಮನೆಯ ವಿಳಾಸಕ್ಕೇ ಕಳಿಸಿದ್ದಾರೆ. ಅಚ್ಚಿಗೆ ಹೋಗುವುದು ಇದೇ ಅಂತೆ. ಪರದೆಯ ಮಾತನ್ನೂ ತೋಟದ ಮಾತನ್ನೂ ಕರಡಿನಿಂದ ಹೊಡೆದುಹಾಕಿದ್ದಾರೆ. ಕುಣಿಗಲ್ 34. ಗುಬ್ಬಿ 29. ತುಮಕೂರು ಪಟ್ಟಣ 41.

ಗಲ್ಲಿಯ ಹೆಂಗಸರು ಮಧ್ಯಾಹ್ನ ನಮ್ಮ ಮನೆಯ ಅಂಗಳದಲ್ಲೇ ಬೀಡಿ ಕಟ್ಟುತ್ತಾರೆ. ನಿಂತು ಓದಿದೆ. ಯಾರ ಕೈಯೂ ನಿಲ್ಲಲಿಲ್ಲ. ಎದುರುಮನೆಯ ಖುರ್ಷಿದಾ ಬೇಗಂ ಮಾತ್ರ ದಾರವನ್ನು ಹಲ್ಲಿನಿಂದ ಕತ್ತರಿಸಿ ಕೇಳಿದರು: “ಆ ನಲವತ್ತೊಂದರಲ್ಲಿ ನಾನು ಯಾರು?”

“ಮನೆ ನಂಬರ್ 212, ಎರಡನೇ ಸಾಲು.”

“ಏನಂತ ಇದೆ?”

“ಮನೆಯಲ್ಲಿ ಕೂಲಿಗೆ ದುಡಿಮೆ.”

“ಅಷ್ಟೇನಾ?”

“ಅಷ್ಟೇ.”

“ಕಂಟ್ರಾಕ್ಟರ್ ಕೊಳೆತ ಎಲೆ ಕೊಟ್ಟು, ಬೀಡಿ ಸರಿಯಿಲ್ಲ ಅಂತ ಕಟ್ಟುಗಟ್ಟಲೆ ಮುಖದ ಮೇಲೆ ಎಸೆಯುತ್ತಾನೆ. ಅದಿಲ್ಲವಾ?”

“ಅದಕ್ಕೆ ಮನೆ ಇಲ್ಲ ಚಾಚಿ. ಆ ಫಾರಂನಲ್ಲಿ ಅದನ್ನು ಕೇಳಿಯೇ ಇಲ್ಲ.”

ಅಮ್ಮಿ ಮೊರದಿಂದ ತಲೆಯೆತ್ತದೆ ಹೇಳಿದಳು: “ಕೇಳದಿದ್ದರೆ ಏನಂತೆ? ನಿನಗೆ ಬರೆಯಲು ಬರುತ್ತದೆ. ಕೆಲಸವೂ ಇಲ್ಲ. ಕೂತು ಬರಿ.”

ಅಂಗಳದಲ್ಲೇ ಕೂತಿದ್ದೇನೆ, ಅವರ ದೂರುಗಳನ್ನು ಅರ್ಜಿಗೆಂದು ಈ ಪುಟಗಳಲ್ಲೇ ಬರೆದುಕೊಳ್ಳುತ್ತಿದ್ದೇನೆ, ಬೇರೆ ಪುಸ್ತಕ ತರಲು ಹೊತ್ತಿಲ್ಲ. ಗುರುವಾರ ಕೋಷ್ಟಕವನ್ನೂ ಈ ಅರ್ಜಿಯನ್ನೂ ಹಿಡಿದು ಎಲ್ಲರೂ ಡಿ.ಸಿ. ಆಫೀಸಿಗೆ ಹೋಗುವುದೆಂದು ಆಗಲೇ ತೀರ್ಮಾನವಾಗಿಬಿಟ್ಟಿದೆ, ನನ್ನನ್ನು ಯಾರೂ ಕೇಳಲಿಲ್ಲ. ಹದಿನಾಲ್ಕು ಜನ ಒಟ್ಟಿಗೇ ಮಾತಾಡುತ್ತಿದ್ದಾರೆ. ಒಬ್ಬೊಬ್ಬರಾಗಿ ಹೇಳಿ, ನಿಧಾನವಾಗಿ ಹೇಳಿ, ನನಗೆ ಅಷ್ಟು ಬೇಗ ಬರೆಯಲು ಬರುವುದಿಲ್ಲ ಎಂದರೆ ಕೇಳುವವರೇ ಇಲ್ಲ.